ಬೀಜಿಂಗ್‌ನ ಸ್ವರ್ಗ ಮಂದಿರದ ಮರದ ಕಿಟ್: ಕೊಡಗಿನವರು ಕೊಳ್ಳುವ ಮುನ್ನ

ಸ್ವರ್ಗ ಮಂದಿರದ ಆವರಣದಲ್ಲಿ ಚೀನಾದ ಚಕ್ರವರ್ತಿಗಳು ಒಳ್ಳೆಯ ಬೆಳೆಗಾಗಿ ಪ್ರಾರ್ಥಿಸುತ್ತಿದ್ದ ದುಂಡನೆಯ ಮಂದಿರದ ಮಾದರಿ ಇದು. 3 ಮಿ.ಮೀ. ಪ್ಲೈವುಡ್, ಲೇಸರ್ ಕಟಿಂಗ್, 1:100 ಅಳತೆ. ಮೂಲ ಕಟ್ಟಡ ಮೂರು ಹಂತದ ಅಮೃತಶಿಲೆಯ ಜಗಲಿ ಸೇರಿ ಸುಮಾರು 38 ಮೀಟರ್ ಎತ್ತರವಿದೆ, ಮಾದರಿ 38 ಸೆಂ.ಮೀ. ಬೆಲೆ 2,800 ರೂಪಾಯಿ. ಕೊಳ್ಳಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬ ಬಿಚ್ಚಬೇಡಿ.

ಈ ಕಟ್ಟಡದ ಜೀವಾಳ ಅದರ ಕಂಬಗಳು. ನಡುವೆ 4, ಸುತ್ತ 12, ಅದರಾಚೆ ಇನ್ನೂ 12, ಒಟ್ಟು 28. ಅವು ಕ್ರಮವಾಗಿ ಋತು, ತಿಂಗಳು ಮತ್ತು ಹಗಲಿರುಳಿನ ಎರಡೆರಡು ಗಂಟೆಯ ಹನ್ನೆರಡು ಹೊತ್ತುಗಳಿಗೆ ಸಂಕೇತ. ಹೊರಸಾಲು ಕೆಳಗಿನ ಸೂರನ್ನೂ ನಡುಸಾಲು ಮಧ್ಯದ ಸೂರನ್ನೂ ಹೊರುತ್ತವೆ. ಹಾಗಾದರೆ ಮೇಲಿನ ದುಂಡು ಮಾಡನ್ನು ನಾಲ್ಕೇ ಕಂಬ ಹೊರುವುದು ಹೇಗೆ? ಆ ನಾಲ್ಕರ ನಡುವಿನ ತೊಲೆಗಳ ಮೇಲೆ ಎರಡೆರಡರಂತೆ 8 ಗಿಡ್ಡ ಕಂಬ ನಿಲ್ಲಿಸಿದ್ದಾರೆ, ಹಾಗಾಗಿ ಮೇಲೂ 12 ಆಧಾರ ಸಿಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ. ಇದರಲ್ಲಿ ಎಂಟೂ ಇವೆ, ಹಣ ಸಾರ್ಥಕವಾಗುವುದು ಅಲ್ಲೇ. ಒಂದು ಎಚ್ಚರ: ತೊಲೆಯ ಬಳೆಯನ್ನು ಕೂರಿಸುವಾಗ ಗಿಡ್ಡ ಕಂಬಗಳ ತೂತು ದಪ್ಪ ಕಂಬದಿಂದ 30 ಮತ್ತು 60 ಡಿಗ್ರಿಗೆ ಬರಬೇಕು. ಬಳೆ ಒಂದು ತೂತಿನಷ್ಟು ತಿರುಗಿದರೂ ಮೇಲಿನ ಮಾಡು ಸೊಟ್ಟಗಾಗುತ್ತದೆ, ಅದು ಗೊತ್ತಾಗುವುದು ಕೊನೆಯ ಹಂತದಲ್ಲಿ. ನಡುವಿನ ನಾಲ್ಕು ಕಂಬ ಉಳಿದವುಗಳಷ್ಟೇ ದಪ್ಪ ಇರುವುದು ಈ ಕಿಟ್‌ನ ಕೊರತೆ, ಮೂಲದಲ್ಲಿ ಅವು ಎದ್ದು ಕಾಣುವಷ್ಟು ದೊಡ್ಡವು.

ಸೂರಿನಡಿಯ ಬೋದಿಗೆ ಸಾಲಿಗೆ, ಚೀನಿಯರು ದೌಗೊಂಗ್ ಎನ್ನುವ ಭಾಗಕ್ಕೆ, ಅಂಟು ಹಾಕಿ ಎನ್ನುತ್ತದೆ ಕೈಪಿಡಿ. ಖಂಡಿತ ಹಾಕಬೇಡಿ. ಮೊಳೆಯಿಲ್ಲದೆ ಕಚ್ಚಿಗೆ ಕಚ್ಚು ಕೂತ ಈ ತುಂಡುಗಳು ಮಾಡಿನ ಭಾರವನ್ನು ಹಂತಹಂತವಾಗಿ ಕಂಬಕ್ಕಿಳಿಸುತ್ತವೆ, ಭೂಕಂಪದಲ್ಲಿ ಒಂದಕ್ಕೊಂದು ಉಜ್ಜುತ್ತ ಅದುರನ್ನು ತಗ್ಗಿಸುತ್ತವೆ. ಐನ್‌ಮನೆಯ ಕಂಬ, ತೊಲೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಟು ಬೇಕಿರುವುದು ಜಗಲಿಯ ಕಟಕಟೆಗೆ ಮಾತ್ರ.

ಇನ್ನು ತೇವದ ವಿಷಯ. ಪ್ಲೈವುಡ್ ಉದ್ದಗಲದಲ್ಲಿ ಹೆಚ್ಚು ಹಿಗ್ಗುವುದಿಲ್ಲ, ದಪ್ಪದಲ್ಲಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಸಂದು ಬಿಗಿಯಾಗುವುದು ಅದಕ್ಕೇ. ಒತ್ತಿ ಕೂರಿಸಿದರೆ ಸಣ್ಣ ಮೂತಿಗಳು ಪದರ ಬಿಚ್ಚಿಕೊಂಡು ಮುರಿಯುತ್ತವೆ. ಸ್ಯಾಂಡ್‌ಪೇಪರ್ ಹಾಕಿ ಸಣ್ಣ ಮಾಡಿದರೆ ಫೆಬ್ರವರಿಯಲ್ಲಿ ಅದೇ ಸಂದು ಸಡಿಲವಾಗಿ ಮಾಡು ಅಲುಗಾಡುತ್ತದೆ. ಹುತ್ತರಿ ಕಳೆದು ಒಣಹವೆ ಬಂದ ಮೇಲೆ ಶುರುಮಾಡಿ. ಅದಕ್ಕೂ ಎರಡು ದಿನ ಮೊದಲು ಹಾಳೆಗಳನ್ನು ಕೋಣೆಯಲ್ಲೇ ನಿಲ್ಲಿಸಿ ಗಾಳಿಗಿಡಿ. ಬಿಸಿಲಿಗೆ ಇಟ್ಟರೆ ಬಾಗುತ್ತವೆ. ಜೋಡಿಸಿದ್ದನ್ನು ಬಾಗಿಲಿರುವ ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಇಲ್ಲದಿದ್ದರೆ ಜುಲೈಯಲ್ಲಿ ಮಾಡಿನ ಒಳಗೆಲ್ಲ ಬೂಸ್ಟು. ಒಲೆಯ ಅಟ್ಟದಲ್ಲಿ ಇಟ್ಟರೆ ಹೊಗೆಗೆ ಕಪ್ಪಾಗುತ್ತದೆ.

ಕೈಪಿಡಿಯ ಇತಿಹಾಸದ ಪುಟ ದಾರಿತಪ್ಪಿಸುತ್ತದೆ. ಮಂದಿರ 1420ರದ್ದು ಎಂದಷ್ಟೇ ಬರೆದಿದ್ದಾರೆ. ಯೊಂಗ್ಲೆ ಚಕ್ರವರ್ತಿಯ ಕಾಲದ ಆ ಕಟ್ಟಡ ಆಯತಾಕಾರದ್ದು. ದುಂಡು ರೂಪ ಬಂದದ್ದು 1545ರಲ್ಲಿ. ಅದೂ 1889ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು, ಈಗಿನದು 1896ರಲ್ಲಿ ಮೊದಲಿನಂತೆಯೇ ಮತ್ತೆ ಕಟ್ಟಿದ್ದು.

ಬಣ್ಣ ಕಿಟ್‌ನಲ್ಲಿ ಬರುವುದಿಲ್ಲ. ಈಗಿನಂತೆ ಬೇಕಿದ್ದರೆ ಮೂರೂ ಸೂರಿಗೆ ಕಡುನೀಲಿ, ಅದು 1751ರಿಂದೀಚೆಗಿನ ಬಣ್ಣ. ಅದಕ್ಕೂ ಹಿಂದಿನದು ಬೇಕಿದ್ದರೆ ಮೇಲಿನಿಂದ ಕೆಳಕ್ಕೆ ನೀಲಿ, ಹಳದಿ, ಹಸಿರು. ನೋಡಲು ಅದೇ ಹೆಚ್ಚು ಚೆಂದ. ಜೋಡಿಸುವ ಮೊದಲೇ ಅಕ್ರಿಲಿಕ್ ಅನ್ನು ತೆಳುವಾಗಿ ಎರಡು ಸಲ ಹಚ್ಚಿ, ಕಚ್ಚುಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ಸಂದಿನೊಳಗೆ ಬಣ್ಣ ಕೂತರೆ ಒಣಹವೆಯಲ್ಲೂ ತುಂಡುಗಳು ಒಳಗಿಳಿಯುವುದಿಲ್ಲ.