ಸಣ್ಣ ಸೈನ್ಯಕ್ಕೆ ಯಾವ ನೆಲ: ಇಕ್ಕಟ್ಟೋ, ಬಯಲೋ?

ಅಲೆಕ್ಸಾಂಡರ್ ಪರ್ಷಿಯಾದ ದೊರೆ ಮೂರನೇ ಡೇರಿಯಸ್‌ನನ್ನು ಎರಡು ಬಗೆಯ ನೆಲದಲ್ಲೂ ಎದುರಿಸಿದ: ಕ್ರಿ.ಪೂ. 333ರಲ್ಲಿ ಇಸಸ್, 331ರಲ್ಲಿ ಗೌಗಮೇಲ.

ಇಸಸ್‌ನಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ. ಪರ್ಷಿಯನ್ನರ ದೊಡ್ಡ ದಂಡಿಗೆ ಹರಡಿಕೊಳ್ಳಲು ಜಾಗವೇ ಇರಲಿಲ್ಲ. ಆದರೆ ಹೊಳೆ ದಾಟುವಾಗ ಅಲೆಕ್ಸಾಂಡರನ ಉದ್ದ ಈಟಿಯ ಸಾಲು ಬಿರುಕು ಬಿಟ್ಟಿತು. ಡೇರಿಯಸ್‌ನ ಗ್ರೀಕ್ ಕೂಲಿ ಸೈನಿಕರು ಅಲ್ಲೇ ನುಗ್ಗಿದರು.

ಗೌಗಮೇಲ ಬಟಾಬಯಲು, ರಥಗಳಿಗಾಗಿ ಡೇರಿಯಸ್ ಸಮತಟ್ಟು ಮಾಡಿಸಿದ ನೆಲ ಬೇರೆ. ಪ್ರಾಚೀನ ಇತಿಹಾಸಕಾರ ಆರಿಯನ್ ಕೊಡುವ ಲೆಕ್ಕದಲ್ಲಿ ಅಲೆಕ್ಸಾಂಡರನದು ಸುಮಾರು 40,000 ಕಾಲಾಳು, 7,000 ಕುದುರೆ. ಹೀಗಾಗಿ ಏರ್ಪಾಡು ಹೆಚ್ಚು ಬೇಕಾಯಿತು: ಸುತ್ತುವರಿದರೆ ಹಿಂದಕ್ಕೆ ತಿರುಗಿ ನಿಲ್ಲಲು ಎರಡನೇ ಸಾಲು, ಓರೆಯಾಗಿ ಹಿಂದೆ ಬಾಗಿದ ಪಕ್ಕದ ಪಡೆಗಳು, ರಥಗಳ ಮೇಲೆ ಎಸೆಯಲು ಭರ್ಜಿಗಾರರು. ಹಿಂದಿನ ರಾತ್ರಿ ಅಲೆಕ್ಸಾಂಡರನ ಸೈನಿಕರು ಮಲಗಿದರು, ಎದುರಾಳಿಗಳು ಆಯುಧ ಹಿಡಿದು ನಿಂತೇ ಇದ್ದರು. ಮರುದಿನ ಬಲಕ್ಕೆ ಸರಿಯುತ್ತ ಹೋಗಿ ಶತ್ರುವಿನ ಸಾಲಿನಲ್ಲಿ ಸಂದು ತೆರೆಸಿ ಕುದುರೆ ನುಗ್ಗಿಸಿದ. ಅಷ್ಟರಲ್ಲಿ ಅವನ ಸೇನಾನಿ ಪಾರ್ಮೆನಿಯನ್‌ನ ಎಡಭಾಗ ಹೆಣಗಾಡುತ್ತಿತ್ತು.

ಪಳಗಿದ ಕುದುರೆ ಪಡೆಯಿಲ್ಲದಿದ್ದರೆ ಬಯಲಿನ ಆಸೆ ಬೇಡ, ಇಕ್ಕಟ್ಟೇ ಸರಿ. ಆದರೆ ಬೆನ್ನ ಹಿಂದಿನ ದಾರಿಗೆ ಕಾವಲಿಡಿ: ಇಸಸ್‌ನಲ್ಲಿ ಡೇರಿಯಸ್ ಮೊದಲು ಬಂದದ್ದೇ ಅಲೆಕ್ಸಾಂಡರನ ಹಿಂದಿನಿಂದ.