ಶಕ್ತಿ ಸದನದಲ್ಲಿ ಎಂಟು ತಿಂಗಳು: ಹೊಲಿಗೆ ಟೀಚರ್ ಕೊಡುವ ಮಾರ್ಕ್ಸ್

ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದ ಹೆಂಗಸರು ಇರುವ ಒಂದು ಶಕ್ತಿ ಸದನಕ್ಕೆ, ಅಂದರೆ ಸರ್ಕಾರಿ ಯೋಜನೆಯ ಆಶ್ರಯ ಮನೆಗೆ, ಎಂಟು ತಿಂಗಳು, ಪ್ರತಿ ಶನಿವಾರ, ಹೊಲಿಗೆ ಕಲಿಸೋಕೆ ಹೋಗಿದ್ದೆ. ಯಾವ ಊರು ಅಂತ ಹೇಳಲ್ಲ. ಆ ಮನೆಗೆ ಬೋರ್ಡೇ ಇಲ್ಲ, ಹುಡುಕಿಕೊಂಡು ಬರುವ ಏಜೆಂಟರ ಭಯ ಇನ್ನೂ ಇದೆ. ಆ ಮನೆಗೆ ನಾನು ಕೊಡೋದು ಐದಕ್ಕೆ ಮೂರು ಮಾರ್ಕ್ಸ್.

ಮೊದಲು ಕಳ್ಳಸಾಗಣೆಯಿಂದ ಪಾರಾದವರಿಗೆ ಉಜ್ವಲಾ, ಕಷ್ಟದಲ್ಲಿರುವ ಬೇರೆ ಹೆಂಗಸರಿಗೆ ಸ್ವಾಧಾರ ಗೃಹ ಅಂತ ಬೇರೆ ಬೇರೆ ಮನೆಗಳಿದ್ದವು. 2022ರಲ್ಲಿ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆ ಬಂದ ಮೇಲೆ ಎರಡೂ ಸೇರಿ ಶಕ್ತಿ ಸದನ ಆದವು. ಹಾಗಾಗಿ ಗಂಡ ಹೊರಗೆ ಹಾಕಿದವರು, ಕೆಲಸ ಕೊಡಿಸ್ತೀನಿ ಅಂತ ಕರೆತಂದು ಮಾರಿದವರ ಕೈಯಿಂದ ತಪ್ಪಿಸಿಕೊಂಡವರು, ಎಲ್ಲರೂ ಒಂದೇ ಹಾಲ್‌ನಲ್ಲಿ. ಒಳ್ಳೇದೇ ಆಯ್ತು ಅನ್ನಿ, ಯಾರು ಯಾಕೆ ಬಂದಿದ್ದಾರೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ.

ಮೂರು ಮಾರ್ಕ್ಸ್ ಪೂರ್ತಿ ವಾರ್ಡನ್ ಅಮ್ಮನಿಗೆ. ಮೊದಲ ದಿನವೇ ಹೇಳಿದರು, "ಟೀಚರ್, ಹೇಗೆ ಬಂದ್ರಿ ಅಂತ ಯಾರನ್ನೂ ಕೇಳಬೇಡಿ." ನಾನು ಕೇಳಲಿಲ್ಲ, ಆದರೆ ಬೇರೆ ತಪ್ಪು ಮಾಡಿದೆ. ಬಂಗಾಳದ ಒಬ್ಬ ಹುಡುಗಿಗೆ ಬ್ಲೌಸ್ ಅಳತೆ ತೆಗೆಯೋಣ ಅಂತ ಹಿಂದಿನಿಂದ ಟೇಪ್ ಸುತ್ತಿದೆ ನೋಡಿ, ಉಸಿರೇ ನಿಲ್ಲಿಸಿ ಕಲ್ಲಾಗಿಬಿಟ್ಟಳು. ಆಮೇಲಿಂದ ಟೇಪನ್ನು ಅವರವರ ಕೈಗೇ ಕೊಡೋದು. ಅವಳು ತಾನೇ ಅಳೆದುಕೊಂಡು "ಬೋತ್ರಿಶ್" ಅಂತಾಳೆ, ನಾನು 32 ಬರೆದುಕೊಳ್ಳುತ್ತೇನೆ. ಅವಳಿಗೆ ನಮ್ಮ ಸಾರು ಇಳಿಯಲ್ಲ ಅಂತ ವಾರ್ಡನ್ ಅಮ್ಮ ಎಲ್ಲಿಂದಲೋ ಸಾಸಿವೆ ಎಣ್ಣೆ ತರಿಸಿದ್ದರು. ಅದಕ್ಕೆ ಬಜೆಟ್ ಎಲ್ಲಿತ್ತೋ!

ಇನ್ನು ಎರಡು ಯಾಕೆ ಕಟ್? ಒಂದು, ಬೀಗ. ಬೀಗ ಒಳಗಿದ್ದವರನ್ನು ಕಾಯೋಕಾ, ಒಳಗೇ ಇಡೋಕಾ? ಫೋನ್ ಅಂದರೆ ವಾರಕ್ಕೆ ಹತ್ತು ನಿಮಿಷ, ಅದೂ ಆಫೀಸಿನ ಟೇಬಲ್ ಮುಂದೆ ನಿಂತು. ಊರಿನ ಮನೆಗೆ ವಾಪಸ್ ಕಳಿಸಬಹುದಾ ಅಂತ ವಿಚಾರಿಸಿದ ವರದಿ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ವಯಸ್ಕ ಹೆಂಗಸರನ್ನು ಅವರಿಗೆ ಇಷ್ಟವಿಲ್ಲದೆ ಇಂಥ ಮನೆಗಳಲ್ಲಿ ಇಟ್ಟುಕೊಂಡಿದ್ದರೆ ಪರಿಶೀಲಿಸಿ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ಹೇಳಿದೆ. ಆದರೂ ಪ್ರತಿ ಶನಿವಾರ "ಯಾವಾಗ ಬಿಡ್ತಾರೆ ಟೀಚರ್?" ಅಂತ ನನ್ನನ್ನೇ ಕೇಳುತ್ತಿದ್ದರು. ನಾನು ಸುಮ್ನೆ ದಾರ ಪೋಣಿಸುತ್ತಾ ಕೂರುತ್ತಿದ್ದೆ.

ಎರಡನೇದು ನನ್ನದೇ ಕ್ಲಾಸು. ಎಲ್ಲರಿಗೂ ಹೊಲಿಗೆಯೇ ಯಾಕೆ? ರೆಡಿಮೇಡ್ ಕಾಲದಲ್ಲಿ ಬರೀ ಬ್ಲೌಸ್ ಹೊಲಿದು ಬಾಡಿಗೆ ಕಟ್ಟೋದು ಎಷ್ಟು ಕಷ್ಟ ಅಂತ ಇಪ್ಪತ್ತು ವರ್ಷದಿಂದ ಮಷಿನ್ ತುಳಿದ ನನಗೆ ಗೊತ್ತು. ಆ ಬೋತ್ರಿಶ್ ಹುಡುಗಿಗೆ ಸ್ಕೂಟಿ ಓಡಿಸೋದು ಕಲಿಯಬೇಕಿತ್ತು. ಮೊದಲು ಹೊಲಿಗೆ ಮುಗಿಸು ಅಂದರು ಸದನದವರು.

ಕಷ್ಟದಲ್ಲಿರುವ ಯಾರಾದರೂ ಗೊತ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಏನಾದರೂ ಕೊಡೋ ಮನಸ್ಸಿದ್ದರೆ ಹಳೇ ಸೀರೆ ಬೇಡ, ಅದು ಗೋಣಿಗಟ್ಟಲೆ ಬಿದ್ದಿದೆ. ಪ್ಯಾಡ್, ಹೊಸ ಒಳಉಡುಪು ಕೊಡಿ. ಸೈಜ್ ಮೊದಲೇ ಕೇಳಿಕೊಳ್ಳಿ.