ಸ್ಟಾರ್‌ಡ್ಯೂ ವ್ಯಾಲಿ: ಆರು ವರ್ಷ ಆಡಿದ ಮೇಲೆ

ಹಳ್ಳಿಗೆ ಬಂದು ಬೇಸಾಯ ಮಾಡುವ ಈ ಆಟವನ್ನು ಆರು ವರ್ಷದಿಂದ ಕಂಪ್ಯೂಟರ್‌ನಲ್ಲಿ ಆಡುತ್ತಿದ್ದೇನೆ. ಮೂರು ತೋಟ ಕಟ್ಟಿದ್ದೇನೆ, ಅದರಲ್ಲಿ ಒಂದನ್ನು ತಂಗಿಯ ಜೊತೆ ಸೇರಿ.

2016ರಲ್ಲಿ ಬಂದ ಆಟ ಇದು. ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲವನ್ನೂ ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿದ್ದು. ಆಡುವಾಗ ಅದು ಗೊತ್ತಾಗುತ್ತದೆ. ನೀರು ಹಾಕುವ ಕ್ಯಾನ್ ನೋಡಿ. ಅದನ್ನು ದೊಡ್ಡದು ಮಾಡಿಸಲು ಕಮ್ಮಾರನಿಗೆ ಕೊಟ್ಟರೆ ವಾಪಸ್ ಸಿಗುವುದು ಎರಡು ದಿನ ಬಿಟ್ಟು. ಮೊದಲ ಸಲ ನಾನು ಸುಮ್ನೆ ಕೊಟ್ಟು ಬಂದೆ. ಮಾರನೇ ದಿನ ನೀರಿಲ್ಲದೆ ಹೂಕೋಸು ಬೆಳೆಯಲಿಲ್ಲ. ಕೊಯ್ಲಿಗೆ ಒಂದೇ ದಿನ ಬಾಕಿ ಇರುವಾಗ ಆಟದ ವಸಂತ ಋತುವಿನ 28 ದಿನ ಮುಗಿದು, ಋತು ಬದಲಾಗಿ ಅಷ್ಟೂ ಒಣಗಿಹೋಯಿತು. ಆಮೇಲೆ ಹೊಳೆಯಿತು, ಆಟದ ಮನೆಯ ಟಿವಿಯಲ್ಲಿ ನಾಳೆಯ ಹವಾಮಾನ ಹೇಳುತ್ತಾರಲ್ವಾ! ನಾಳೆ ಮಳೆ ಅಂದರೆ ಇವತ್ತೇ ನೀರು ಹಾಕಿ ಮುಗಿಸಿ ಕ್ಯಾನ್ ಕೊಟ್ಟುಬಿಡಬೇಕು. ಯಾರೂ ಹೇಳಿಕೊಡದೆ ಇದು ನನಗೇ ತಿಳಿದ ದಿನ ಆಟ ನನ್ನದಾಯಿತು.

ಬೇಸಾಯ ಮಾತ್ರ ತುಂಬಾ ಸುಲಭ. ಎಷ್ಟು ಟೊಮೆಟೊ ಸುರಿದರೂ ಬೆಲೆ ಬೀಳುವುದಿಲ್ಲ. ಕೋಲಾರದಲ್ಲಿ ಟೊಮೆಟೊ ಬೆಳೆಯುವ ಅಪ್ಪ ಪಕ್ಕದಲ್ಲಿ ಕೂತು ನೋಡಿ, "ಇದು ಯಾವ ಮಂಡಿನಪ್ಪಾ?" ಅಂದರು.

ನನಗೆ ದೊಡ್ಡ ಕೊರತೆ ಅನ್ನಿಸಿದ್ದು ಗಡಿಯಾರ. ಆಟದ ಒಂದು ದಿನ ಸುಮಾರು 14 ನಿಮಿಷಕ್ಕೆ ಮುಗಿಯುತ್ತದೆ. ನೆಮ್ಮದಿ ಬೇಕು ಅಂತ ಹಳ್ಳಿಗೆ ಬಂದವರು ಅಲ್ಲಿಯೂ ಓಡುತ್ತಲೇ ಇರಬೇಕು. ಅದರ ಮೇಲೆ, ಮಲಗಿದರೆ ಮಾತ್ರ ಸೇವ್ ಆಗುತ್ತದೆ. ಒಮ್ಮೆ ಎಷ್ಟೋ ದಿನ ಕಾದು ಒಂದು ಅಪರೂಪದ ಮೀನು ಹಿಡಿದಿದ್ದೆ. ಮನೆ ಬಾಗಿಲ ಹತ್ತಿರ ಬರುವಾಗ ಕರೆಂಟ್ ಹೋಯಿತು. ಆ ದಿನವೇ ಇಲ್ಲವಾಯಿತು. ಮೀನು ಹಿಡಿಯುವುದೂ ಶುರುವಿನಲ್ಲಿ ಬಲು ಕಷ್ಟ, ಪರದೆಯ ಮೇಲಿನ ಹಸಿರು ಪಟ್ಟಿಯೊಳಗೆ ಮೀನನ್ನು ಇಟ್ಟುಕೊಳ್ಳಬೇಕು, ಅದು ನಿಲ್ಲುವುದೇ ಇಲ್ಲ. ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ, ಅದು ನನಗೆ ಬೇಜಾರು.

ಆಟದ ಊರಿನ ಜನ ಕೆಲವು ತಿಂಗಳಾದ ಮೇಲೆ ಹೇಳಿದ್ದನ್ನೇ ಹೇಳುತ್ತಾರೆ, ನಿಜ. ಆದರೆ ಶೇನ್ ಇದ್ದಾನೆ. ಮೊದಲು ಮುಖ ಕೊಟ್ಟೂ ಮಾತಾಡದ ಕುಡುಕ. ಅವನ ಒಳಗಿನ ಸಂಕಟ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ಸಲ ದುಡ್ಡು ಕೊಟ್ಟರೆ ಸಾಕು. 2024ರ ದೊಡ್ಡ ಅಪ್‌ಡೇಟ್ ಕೂಡ ಉಚಿತವಾಗಿಯೇ ಬಂತು. ಕರೆಂಟ್ ಪದೇಪದೇ ಹೋಗುವ ಊರಿನಲ್ಲಿದ್ದರೆ ಫೋನ್‌ಗೆ ತಗೊಳ್ಳಿ, ನಡುವೆ ಬಿಟ್ಟರೂ ಆಟ ಉಳಿಯುತ್ತದೆ.